ಬಿದ್ದರೆ ಮಾಫಿ, ಎತ್ತಿದರೆ ಇಲ್ಲ

ಪಿಸ್ತೂಲಿನ ಬಾಯಿ ಯಾವ ಕಡೆಗಿರಬೇಕು ಎಂದು ಆ ಮನುಷ್ಯ ಕೇಳಿದ ಕೂಡಲೇ ಗುರಲಿಂಗಪ್ಪನಿಗೆ ಖಾತ್ರಿಯಾಯಿತು: ಇವನೇ ಪರೀಕ್ಷಕ.

ಸ್ಪರ್ಧೆಗೆ ಬಂದವನು ಕೇಳುವ ಮಾತೇ ಅದು? ಅಂಗಡಿಯ ಮಡಿಕೆ ಇನ್ನೂ ಬಿಡದ ಅಂಗಿ, ಸೊಂಟಕ್ಕೆ ಹೊಚ್ಚ ಹೊಸ ಹೋಲ್‌ಸ್ಟರ್, ಮುಖದ ಮೇಲೆ ಏನೂ ಅರಿಯದ ಕಳೆ. ಹೆಸರು ಸುಭಾಷ ಅಂತೆ, ಬಾಂದ್ರಾದವನಂತೆ. ಈ ಹಿಂದೆ ಒಂದು ದಿನವೂ ಈ ಕಡೆ ಸುಳಿದವನಲ್ಲ. ನಟನೆ ಅಂದರೆ ನಟನೆ!

ಮುಂಬಯಿಯ ಪವಾಯಿಯ ಆಚೆ, ಗುಡ್ಡದ ಬುಡ ಕಡಿದು ಮಾಡಿದ ಶೂಟಿಂಗ್ ರೇಂಜು ಅದು. ಓಡುತ್ತ, ಬಾಗುತ್ತ, ತಿರುಗುತ್ತ ಗುಂಡು ಹೊಡೆಯುವ ಸ್ಪರ್ಧೆ. ಇದರಲ್ಲಿ ಗುರಿಗಿಂತ ನಿಯಮ ದೊಡ್ಡದು. ಶೂಟರಿನ ಬೆನ್ನಿಗೇ ರೇಂಜ್ ಆಫೀಸರ್ ಟೈಮರ್ ಹಿಡಿದು ಓಡುತ್ತಾನೆ. ಬೆರಳು ತಪ್ಪಿದರೆ, ಪಿಸ್ತೂಲು ಅಡ್ಡ ತಿರುಗಿದರೆ, ‘ಸ್ಟಾಪ್’ ಎಂದು ಕೂಗಿ ಮನೆಗೆ ಕಳಿಸುತ್ತಾನೆ. ಆ ಆಫೀಸರ್ ಆಗಲು ಗುರಲಿಂಗಪ್ಪ ಎರಡು ಸಲ ಪರೀಕ್ಷೆ ಕೊಟ್ಟು ಎರಡು ಸಲವೂ ಮಣ್ಣು ಮುಕ್ಕಿದ್ದ. ಇವತ್ತಿನದು ಮೂರನೆಯದು; ಟೈಮರ್ ಅವನ ಕೈಯಲ್ಲೇ ಇತ್ತು. ಇದೂ ಹೋದರೆ ಮತ್ತೆ ಈ ಹೊಸ್ತಿಲು ತುಳಿಯುವಂತಿಲ್ಲ.

ನಿಯಮ ಗೊತ್ತಿಲ್ಲದೆ ಸೋತವನಲ್ಲ ಅವನು. ದೊಡ್ಡವರನ್ನು ಕಂಡರೆ ನಾಲಿಗೆ ಹೊರಳುತ್ತಿರಲಿಲ್ಲ. ಘಾಟ್ಕೋಪರದಲ್ಲಿ ಅವನದೊಂದು ಸೆಕ್ಯೂರಿಟಿ ಏಜೆನ್ಸಿ. ಅವನ ಕಾವಲುಗಾರರೆಲ್ಲ ನಿಂತಿರುವುದು ಇಂಥವರದೇ ಬಿಲ್ಡಿಂಗುಗಳ ಮುಂದೆ. ಕಳೆದ ಸಲ ಬಿಲ್ಡರೊಬ್ಬ ಪಿಸ್ತೂಲಿನ ಕುದುರೆಯ ಮೇಲೆ ಬೆರಳಿಟ್ಟುಕೊಂಡೇ ಓಡಿದಾಗ ಇವನು ಕೂಗಲಿಲ್ಲ, ಪಕ್ಕದಲ್ಲಿ ಓಡುತ್ತ, “ಸಾಹೇಬ್ರ, ಬೆರಳು... ಬೆರಳು...” ಎಂದು ಗೋಗರೆದ. ಪರೀಕ್ಷಕರು ಅಲ್ಲೇ ಟೋಪಿ ತೆಗೆದು ತಲೆ ಕೆರೆದುಕೊಂಡರು.

ಹೆಂಡತಿ ರಂಜನಾ ಇವತ್ತು ಬುತ್ತಿ ಕಟ್ಟುವಾಗಲೂ ಚುಚ್ಚಿದ್ದಳು. “ಗೇಟ್ ಕಾಯೋ ಬುದ್ಧಿ ನಿಮ್ದು. ದೊಡ್ಡ ಕಾರ್ ಕಂಡ್ರ ಸಾಕು, ತಗದ ಬಿಡ್ತೀರಿ.”

ಈ ಸಲ ತೆಗೆಯುವ ಮಾತೇ ಇಲ್ಲ. ಪರೀಕ್ಷಕರು ಗುರುತು ಹೇಳದೆ ಶೂಟರುಗಳ ನಡುವೆ ಸೇರಿಕೊಂಡು, ಬೇಕಂತಲೇ ತಪ್ಪು ಮಾಡಿ ನೋಡುತ್ತಾರೆಂಬ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಗಮನಿಸಿದರೆ, ಇವನು ಯಾರೆಂದು ಎಲ್ಲರಿಗೂ ಗೊತ್ತಿದ್ದಂತಿತ್ತು. ಸಂದೀಪ ಎಂಬ ತರುಣ ಶೂಟರ್ ತಾನು ಕೂತ ಕುರ್ಚಿಯನ್ನೇ ಆ ಮನುಷ್ಯನಿಗೆ ಬಿಟ್ಟುಕೊಟ್ಟ. ಸ್ಪರ್ಧೆಯ ಮುಖ್ಯಸ್ಥೆ ತಸ್ಲೀಮ ತಾನೇ ನೀರಿನ ಬಾಟಲಿ ತಂದಿಟ್ಟಳು. ಗುರಲಿಂಗಪ್ಪ ಮೀಸೆಯೊಳಗೇ ನಕ್ಕ. ಗುಟ್ಟು ಕಾಯಲು ಬಾರದ ಮಂದಿ!

ಸುಭಾಷನ ಸರದಿ ಬಂತು. ಗೆರೆಯ ಹತ್ತಿರ ಬಂದವನು ಬೂಟಿನ ದಾರ ಬಿಗಿಯಲು ಬಗ್ಗಿದ. ಹೋಲ್‌ಸ್ಟರಿನಿಂದ ಜಾರಿದ ಪಿಸ್ತೂಲು ಧೂಳಿನ ಮೇಲೆ ಬಿತ್ತು.

ಎಲ್ಲರೂ ಗುರಲಿಂಗಪ್ಪನ ಕಡೆ ತಿರುಗಿದರು.

ಗುಂಡು ತುಂಬುವ ಅಪ್ಪಣೆಯಾಗುವ ಮೊದಲು ಖಾಲಿ ಪಿಸ್ತೂಲು ಕೆಳಗೆ ಬಿದ್ದರೆ ಅದು ತಪ್ಪಲ್ಲ. ಆದರೆ ಅದನ್ನು ಆಫೀಸರನೇ ಎತ್ತಿ, ಖಾಲಿ ಇದೆಯೆಂದು ನೋಡಿ ಕೊಡಬೇಕು. ಶೂಟರ್ ಮುಟ್ಟಿದರೆ ಅವನ ಆಟ ಅಲ್ಲಿಗೇ ಮುಗಿಯಿತು.

ಆ ಮನುಷ್ಯ ನಿರಾಳವಾಗಿ ಎತ್ತಿಕೊಂಡು, ಉಫ್ ಎಂದು ಊದಿ, ಪ್ಯಾಂಟಿಗೆ ಒರೆಸಿದ.

“ಸ್ಟಾಪ್!” ಗುರಲಿಂಗಪ್ಪನ ಕೂಗಿಗೆ ಗುಡ್ಡ ಮಾರ್ದನಿಸಿತು. “ಬಾಯಿ ದಿಬ್ಬದ ಕಡೆ ಹಿಡೀರಿ. ಅಲ್ಲಾಡಬ್ಯಾಡ್ರಿ.” ಪಿಸ್ತೂಲು ಇಸಿದುಕೊಂಡು ನೋಡಿದ. ಖಾಲಿ. “ಮುಗೀತ್ರಿ ಸಾಹೇಬ್ರ ನಿಮ್ಮ ಆಟ. ಮನಿಗೆ ಹೋಗ್ರಿ.”

“ಏನಂದ್ರಿ? ನನ್ನ ಪಿಸ್ತೂಲು ನಾನು ಎತ್ತದೆ ನಿಮ್ಮಪ್ಪ ಎತ್ತಬೇಕಿತ್ತಾ?”

“ನಮ್ಮಪ್ಪ ಯಾಕ, ನಾನs ಎತ್ತತಿದ್ದೆ. ಬಿದ್ದದ್ದಕ್ಕ ಮಾಫಿ ಐತಿ. ಎತ್ತಿದ್ದಕ್ಕ ಇಲ್ಲ.”

ತಸ್ಲೀಮ ಓಡಿ ಬಂದಳು. ಹೊರಗೆ ಹಾಕಲು ಅವಳ ಒಪ್ಪಿಗೆಯೂ ಬೇಕು. ಗುರಲಿಂಗಪ್ಪನನ್ನು ತುಸು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು. “ಭಾಯಿಸಾಬ್, ಜರಾ ಸೋಚ್‌ಕೇ, ಸ್ವಲ್ಪ ಯೋಚಿಸಿ. ಅವರು ಯಾರಂತ ಗೊತ್ತಿದ್ದೂ...?”

“ಗೊತ್ತಿದ್ದs ಮಾಡೇನ್ರಿ ಮೇಡಂ. ನೀವು ಒಪ್ಪೀರೋ ಇಲ್ಲೋ?”

ಅವಳು ಅವನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, “ಆಫೀಸರ್ ಹೇಳಿದ್ದು ಸರಿ. ನೀವು ಹೊರಗೆ, ಸರ್” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಆ ಮನುಷ್ಯನ ಕಿವಿ ಕೆಂಪಾದವು. ಗುರಲಿಂಗಪ್ಪನ ಎದೆಗೆ ಎದೆ ತಾಗುವಷ್ಟು ಹತ್ತಿರ ಬಂದ. “ನಾನು ಯಾರು ಗೊತ್ತಾ? ನಿನ್ನ ಸರ್ಟಿಫಿಕೇಟಿಗೆ ಸಹಿ ಹಾಕೋನು ನಾನು!”

ಅಬ್ಬಾ, ಬಾಯಿ ಬಿಟ್ಟನಲ್ಲ! ಗುರಲಿಂಗಪ್ಪ ಬೇರೆ ಯಾರಿಗೂ ಕಾಣದಂತೆ ಒಂದು ಕಣ್ಣು ಮಿಟುಕಿಸಿದ. “ಬೆಳಿಗ್ಗೇನs ಗುರ್ತು ಹಿಡದೇನ್ರಿ. ನೋಡಿದ್ದನ್ನ ನೋಡಿದಂಗ ಬರೀರಿ, ಅಷ್ಟs ಸಾಕು.”

ಕಾರಿನ ಬಾಗಿಲು ಗುಂಡು ಹಾರಿದಂತೆ ಬಡಿದುಕೊಂಡಿತು.

ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಸಂದೀಪ ಓಡಿ ಬಂದು ಕಾಲಿಗೇ ಬಿದ್ದ. “ಅಂಕಲ್, ಕ್ಯಾ ಜಿಗರಾ ಹೈ! ಎಂಥಾ ಗುಂಡಿಗೆ! ನಾವಾಗಿದ್ರೆ ನಾವೇ ಪಿಸ್ತೂಲ್ ಒರೆಸಿ ಕೈಯಲ್ಲಿ ಇಡ್ತಿದ್ವಿ.” ತಸ್ಲೀಮಳ ಕಣ್ಣು ತೇವವಾಗಿದ್ದವು. ಇಷ್ಟಕ್ಕೆಲ್ಲ ಇಷ್ಟು ಹೊಗಳಿಕೆ ಯಾಕೆಂದು ಗುರಲಿಂಗಪ್ಪನಿಗೆ ಸಂಕೋಚವಾಯಿತು. ಪರೀಕ್ಷೆಯಲ್ಲಿ ಪರೀಕ್ಷಕನನ್ನು ಹೊರಗೆ ಹಾಕುವುದೇನು ಮಹಾ?

ಬೇವಿನ ನೆರಳಿಗೆ ಸರಿದು ರಂಜನಾಳಿಗೆ ಫೋನು ಹಚ್ಚಿದ. “ಪಾಸಾದೆ ನೋಡು. ಗೇಟ್ ತಗೀಲಿಲ್ಲ!” ಆಚೆಯಿಂದ ಅವಳು ಮೊದಲ ಬಾರಿಗೆ ಚುಚ್ಚದೆ ನಕ್ಕಳು.

ಫೋನು ಇಡುವಷ್ಟರಲ್ಲಿ ಗುರುತಿಲ್ಲದ ನಂಬರಿನಿಂದ ಇನ್ನೊಂದು ಕರೆ ಬಂತು.

“ಗುರಲಿಂಗಪ್ಪನವರೇನ್ರಿ? ನಾ ಯಾಕೂಬ, ನಿಮ್ಮ ಪರೀಕ್ಷಕ... ಲೋಕಲ್ ರೈಲ್ ಬಂದ್ ಆಗಿ ಥಾಣೆದಾಗs ಸಿಕ್ಕಿಬಿದ್ದೇನ್ರಿ, ಪರೀಕ್ಷೆ ಮುಂದಿನ ವಾರ ಇಟ್ಕೊಳೂಣು; ಮತ್ತ ನಮ್ಮ ಶೂಟಿಂಗ್ ಸಂಘದ ಹೊಸ ಪ್ರೆಸಿಡೆಂಟ್ ಸಾಹೇಬ್ರು ಇವತ್ತ ಮೊದಲನೇ ಸಲ ಆಡಾಕ ಬಂದಾರಂತ, ತಪ್ಪುಗಿಪ್ಪು ಆದ್ರ ಸ್ವಲ್ಪ ನೀವs ಸಂಭಾಳಿಸ್ಕೋರಿ.”