ಪಂಚಾಕ್ಷರಯ್ಯನವರ ಸೊನ್ನೆ ಪಾಯಿಂಟ್ ಏಳು

ಪಂಚಾಕ್ಷರಯ್ಯ ಮೇಷ್ಟ್ರಿಗೆ ಒಂದೇ ಒಂದು ಕಾಯಿಲೆ... ಯಾರಾದರೂ "ಯಾಕೆ?" ಅಂತ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಡಿಗ್ರಿ ಕಾಲೇಜಿನ ಫಿಸಿಕ್ಸ್ ಲ್ಯಾಬಿಗೆ ಅವರೇ ಯಜಮಾನರು.

ಮುಚ್ಚಿದ ಡಬ್ಬಿಯೊಳಗಿನ ಡಯೋಡ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬಿಡಿಭಾಗವನ್ನು ಬಿಸಿ ಮಾಡಿ, ವೋಲ್ಟೇಜ್ ಬರೆದುಕೊಂಡು, ಗ್ರಾಫ್ ಹಾಕಿ, ಅದರ ಎನರ್ಜಿ ಗ್ಯಾಪ್ ಕಂಡುಹಿಡಿಯುವ ಪ್ರಯೋಗ ಒಂದಿತ್ತು. "ಜರ್ಮೇನಿಯಂ ಡಯೋಡು, ಉತ್ತರ ಸೊನ್ನೆ ಪಾಯಿಂಟ್ ಏಳು" ಅಂತ ಮೇಷ್ಟ್ರು ಮೊದಲ ದಿನವೇ ಹೇಳಿಬಿಡುತ್ತಿದ್ದರು.

ಮಕ್ಕಳೇನು ದಡ್ಡರೇ? ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುತ್ತಿದ್ದರು... ಎಲ್ಲರಿಗೂ ಪೂರ್ತಿ ಮಾರ್ಕ್ಸ್. ಒಲೆ ಹಚ್ಚದೇ ಊಟ ಬಡಿಸುವ ವಿದ್ಯೆ!

ಫೈನಲ್ ಪ್ರಾಕ್ಟಿಕಲ್ ದಿನ ತೇಜಸ್ವಿನಿ ಎಂಬ ಹುಡುಗಿಗೆ ಅದೇ ಪ್ರಯೋಗ ಬಂತು. ಈ ಮಾರ್ಕ್ಸ್ ಮೇಲೆಯೇ ಅವಳ ಎಂ.ಎಸ್ಸಿ. ಸೀಟು ನಿಂತಿತ್ತು.

ಅವಳಿಗೆ ಬಂದ ಉತ್ತರ... ಒಂದು ಪಾಯಿಂಟ್ ಒಂದು.

"ಏನಮ್ಮಾ ಇದು? ರಬ್ಬರ್ ತಗೊಂಡು ಅಳಿಸು. ಪಾಯಿಂಟ್ ಏಳು ಅಂತ ಬರಿ."

"ಸರ್, ಎರಡು ಸಲ ಮಾಡ್ದೆ. ಇದೇ ಬರ್ತಿದೆ."

"ಓಹೋ! ಇಷ್ಟು ವರ್ಷ ಪಾಸಾದೋರೆಲ್ಲ ಕತ್ತೆಗಳು, ನೀನೊಬ್ಬಳೇ ಬೃಹಸ್ಪತಿ! ಫೇಲಾದ್ರೆ ನನ್ನ ಹತ್ರ ಬಂದು ಅಳಬೇಡ."

ಅವಳು ರಬ್ಬರ್ ಕೈಗೆತ್ತಿಕೊಂಡಳು. ಆದರೂ ಅಳಿಸಲಿಲ್ಲ.

ಬೇರೆ ಊರಿನಿಂದ ಬಂದಿದ್ದ ಎಕ್ಸ್‌ಟರ್ನಲ್ ಎಕ್ಸಾಮಿನರ್ ಮೇಡಂ ಹತ್ತಿರ ಬಂದರು. ಮೇಷ್ಟ್ರು ಹಲ್ಲು ಕಿರಿದು, "ಬಿಡಿ ಮೇಡಂ, ಇದು ಸ್ವಲ್ಪ ಮಂದ" ಅಂದರು.

ಮೇಡಂ ಹುಡುಗಿಯನ್ನೇ ಕೇಳಿದರು. "ಎನರ್ಜಿ ಗ್ಯಾಪ್ ಅಂದ್ರೇನಮ್ಮಾ? ಬಾಯಿಪಾಠ ಬೇಡ."

"ಎಲೆಕ್ಟ್ರಾನ್ ದಾಟಬೇಕಾದ ಕಾಲುವೆ ಥರ, ಮೇಡಂ. ದಾಟಿದ್ರೇನೇ ಕರೆಂಟ್ ಹರಿಯೋದು. ಕಾಲುವೆ ಎಷ್ಟು ಅಗಲ ಅನ್ನೋದು ಆ ವಸ್ತುವಿನ ಗುಣ. ನಾನು ಅಳೆದ್ರೂ ಅಷ್ಟೇ, ಸರ್ ಅಳೆದ್ರೂ ಅಷ್ಟೇ. ಒಂದು ಪಾಯಿಂಟ್ ಒಂದು ಬಂದಿದೆ ಅಂದ್ರೆ... ಒಳಗಿರೋದು ಜರ್ಮೇನಿಯಂ ಅಲ್ಲ, ಸಿಲಿಕಾನ್."

ಮೇಷ್ಟ್ರು ಗಹಗಹಿಸಿ ನಕ್ಕರು.

ಮೇಡಂ ನಗಲಿಲ್ಲ. ಡಬ್ಬಿಯ ಮುಚ್ಚಳ ಬಿಚ್ಚಿಸಿ, ಡಯೋಡಿನ ಮೇಲಿನ ನಂಬರ್ ಓದಿದರು... ಒಳಗಿದ್ದದ್ದು ಸಿಲಿಕಾನ್ ಡಯೋಡ್!

ಆಗ ಮೇಷ್ಟ್ರಿಗೆ ನೆನಪಾಯಿತು. ಎಷ್ಟೋ ವರ್ಷಗಳ ಹಿಂದೆ ಹಳೆಯ ಡಯೋಡ್ ಸುಟ್ಟುಹೋದಾಗ, ರೇಡಿಯೋ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಬೆಸುಗೆ ಹಾಕಿದವರು ಸಾಕ್ಷಾತ್ ಅವರೇ. ಡಯೋಡ್ ಅಂದಮೇಲೆ ಎಲ್ಲ ಒಂದೇ ಅಂದುಕೊಂಡಿದ್ದರು, ಮಹಾನುಭಾವರು.

ಮೇಡಂ ಹುಡುಗಿಗೆ ಪೂರ್ತಿ ಮಾರ್ಕ್ಸ್ ಹಾಕಿ, ಮೆಲ್ಲಗೆ ಕೇಳಿದರು. "ಸರ್, ಇದಕ್ಕೆ ಮುಂಚೆ ಯಾರಿಗೂ ಈ ಉತ್ತರ ಬಂದಿರಲಿಲ್ವಾ?"

ಬಂದಿತ್ತು... ಪ್ರತಿ ವರ್ಷ ಒಬ್ಬಿಬ್ಬರಿಗೆ ಬರುತ್ತಲೇ ಇತ್ತು. ಪ್ರಾಮಾಣಿಕವಾಗಿ ಮಾಡಿದವರಿಗೆ.

ಅವರಿಗೆಲ್ಲ ಬೈದು, ಉತ್ತರ ಅಳಿಸುವಂತೆ ಮಾಡಿದ್ದವರು ಮೇಷ್ಟ್ರೇ. ತಮ್ಮ ತಲೆಯೇ ಸರಿಯಿಲ್ಲ ಅಂದುಕೊಂಡು, ಫಿಸಿಕ್ಸಿಗೇ ದೊಡ್ಡ ನಮಸ್ಕಾರ ಹಾಕಿ ಹೋದ ಮಕ್ಕಳ ಮುಖಗಳು ಒಂದೊಂದಾಗಿ ಎದುರಿಗೆ ಬಂದವು.

ಬೈಯುವುದರಲ್ಲಿ ಅಷ್ಟು ಚುರುಕಾಗಿದ್ದ ಮೇಷ್ಟ್ರ ಕಣ್ಣು ತುಂಬಿತು.

ತುಂಬಲಿ ಬಿಡಿ... ಆ ಮಕ್ಕಳು ಅತ್ತದ್ದರ ಮುಂದೆ ಅದೇನು ಮಹಾ!

*ತನಗೇ ಅರ್ಥವಾಗದ್ದನ್ನು ಕಲಿಸುವವನ ಕೈಯಲ್ಲಿ ಸರಿ ಉತ್ತರವೂ ತಪ್ಪಾಗುತ್ತದೆ.*

ನೀವು "ಬಾಯಿ ಮುಚ್ಚು" ಅಂದ ಮಗು ಸರಿಯಾಗಿಯೇ ಹೇಳುತ್ತಿತ್ತಾ...?