ನಡುವೆ ಬಿದ್ದ ಚಪ್ಪಾಳೆ

"ಗುಂಡಿ ನೋಡ್ಕೊಂಡು ಹೋಗು," ಎಂದರು ನಮ್ಮೆಜಮಾನರು, ವೇದಿಕೆಯ ಮೆಟ್ಟಿಲ ಬಳಿ ನನ್ನ ಕೈಚೀಲ ಇಸಿದುಕೊಳ್ಳುತ್ತ.

"ಇವತ್ತೊಂದಿನ ಸುಮ್ನಿರ್ತೀರಾ?"

"ನಾನು ಸುಮ್ನೇ ಇರ್ತೀನಿ. ನಿನ್ನ ಬೆರಳಿಗೆ ಹೇಳು."

ಗುಂಡಿ ಎಂದು ಹೆಸರಿಟ್ಟವರೂ ಅವರೇ. ನಾನು ಪಿಯಾನೋದಲ್ಲಿ ನುಡಿಸುವ ರಚನೆಯ ಎರಡನೇ ಪುಟದಲ್ಲಿ, ಬಲಗೈಯ ಉಂಗುರದ ಬೆರಳು ಒಂದು ಕಪ್ಪು ಕೀ ಮೇಲೆ ಇಳಿಯಬೇಕು. ಅದು ಪಕ್ಕದ ಬಿಳಿ ಕೀಗೆ ಜಾರುತ್ತದೆ. ಜಾರಿದೊಡನೆ ನಾನು ಆ ಸಾಲಿನ ಮೊದಲಿಗೆ ಹಿಂದಿರುಗಿ ಮತ್ತೆ ಬರುತ್ತೇನೆ. ಎರಡನೇ ಸಲ ಬೆರಳು ಏನೂ ಅರಿಯದ ಸಾಧುವಿನಂತೆ ಸರಿಯಾದ ಜಾಗದಲ್ಲೇ ಕೂರುತ್ತದೆ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇದೇ ಬೆರಳುಗಳಿಂದ ಒಂದೊಂದೇ ಹನಿ ಅಳೆದು ಬಿಡುವವಳು ನಾನು. ಸುಮ್ಮನೆ ಬಿಡುತ್ತೇನೆಯೇ? ಸ್ಟೂಲಿನ ಎತ್ತರ ಬದಲಿಸಿದೆ, ದೀಪ ಬದಲಿಸಿದೆ, ಉಗುರು ಕತ್ತರಿಸಿದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕೆಂಬ ಶಿಸ್ತನ್ನೂ ಪಾಲಿಸಿದೆ. ಎಷ್ಟು ಸಲ ಮಾಡಿದರೂ ಅದೇ ಫಲಿತಾಂಶ ಬಂದರೆ ವಿಜ್ಞಾನದಲ್ಲಿ ಅದಕ್ಕೊಂದು ಗೌರವವಿದೆ. ಪಿಯಾನೋದಲ್ಲಿ ಇಲ್ಲ. ನಲವತ್ತು ದಾಟಿದ ಮೇಲೆ ಸಂಗೀತ ಕಲಿಯಲು ಹೊರಟವಳ ಈ ಸಂಶೋಧನೆಯನ್ನು, ಪಕ್ಕದ ಕೋಣೆಯಲ್ಲಿ ಕೂತು, ಮೊದಲಿನಿಂದಲೂ ಕೇಳುತ್ತ ಬಂದವರು ನಮ್ಮೆಜಮಾನರೊಬ್ಬರೇ.

ಬಡಾವಣೆಯ ವಾದ್ಯವೃಂದ ನನ್ನನ್ನು ಸೇರಿಸಿಕೊಂಡದ್ದು ಪ್ರತಿಭೆ ನೋಡಿಯೇನಲ್ಲ. ಅವರ ಹಳೆಯ ವಾದಕಿ ಪಿಯಾನೋ ಬಿಟ್ಟು ಊರಿಂದ ಹೋಗಿದ್ದರು. ಅದರ ಮುಂದೆ ಕೂರಲು ಯಾರಾದರೊಬ್ಬರು ಬೇಕಿತ್ತು. ಕೋಲು ಆಡಿಸಿ ನಮ್ಮನ್ನು ನಡೆಸುವವರು ಒಬ್ಬ ನಿವೃತ್ತ ಡ್ರಿಲ್ ಮಾಸ್ತರು. ನಾನು ಗುಂಡಿಗೆ ಬಿದ್ದಾಗಲೆಲ್ಲ ಶುರುವಿನಲ್ಲಿ "ಎಲ್ಲಾ ನಿಲ್ಲಿ!" ಎಂದು ಕೂಗುತ್ತಿದ್ದರು. ಬರುಬರುತ್ತ ಕೂಗುವುದನ್ನು ಬಿಟ್ಟರು. ಬಲು ಒಳ್ಳೆಯ ಜನ. ನಾನು ಸಾಲಿನ ಮೊದಲಿಗೆ ಹೋದರೆ ಎಲ್ಲರೂ ಜೊತೆಗೇ ಹೋಗಿ ಜೊತೆಗೇ ಬರುತ್ತಿದ್ದರು. ಎಷ್ಟು ನಯವಾಗಿ ಎಂದರೆ, ಹೊಸಬರು ಕೇಳಿದರೆ ರಚನೆ ಇರುವುದೇ ಹಾಗೆ ಎನ್ನಬೇಕು. ನಾನದನ್ನು ಔದಾರ್ಯ ಎಂದುಕೊಂಡಿದ್ದೆ. ಅದು ಅಭ್ಯಾಸವಾಗಿಬಿಟ್ಟಿದೆ ಎಂದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಗ್ರಂಥಾಲಯದ ಮಹಡಿಯ ಹಾಲ್ ತುಂಬಿತ್ತು. ನನಗೆ ಬೇಕಾದದ್ದು ಇಷ್ಟೇ: ಜನರೆದುರು ಒಂದೇ ಒಂದು ಸಲ ಬೀಳದೆ ಆ ಜಾಗ ದಾಟುವುದು. ಆಗಲಿಲ್ಲವೋ, ಮನೆಯ ಪಿಯಾನೋಗೆ ಮುಚ್ಚಳ ಹಾಕಿ ಮೇಲೊಂದು ಹೂದಾನಿ ಇಟ್ಟುಬಿಡುವುದು ಎಂದು ತೀರ್ಮಾನಿಸಿಕೊಂಡಿದ್ದೆ. ಹೂದಾನಿಯನ್ನೂ ನೋಡಿಟ್ಟಿದ್ದೆ.

ಎರಡನೇ ಪುಟ ಬಂತು. ಉಂಗುರದ ಬೆರಳು ಎದ್ದಿತು, ಕಪ್ಪು ಕೀ ಮೇಲೆ ಇಳಿಯಿತು. ಸ್ವರ ಹೊರಟದ್ದು ಎಷ್ಟು ಸ್ವಚ್ಛವಾಗಿತ್ತೆಂದರೆ, ಬೇರೆ ಯಾರೋ ನುಡಿಸಿದರೇನೋ ಎಂದು ಪಕ್ಕಕ್ಕೆ ನೋಡುವುದೊಂದು ಬಾಕಿ. ಗೆದ್ದೆ ಎಂದುಕೊಂಡು ಮುಂದಿನ ಸಾಲಿಗೆ ನುಗ್ಗಿದೆ. ಸಭಿಕರ ನಡುವಿನಿಂದ ನಮ್ಮೆಜಮಾನರು ಎದ್ದು ನಿಂತು ಚಪ್ಪಾಳೆ ಹೊಡೆದರು. ಇಡೀ ಹಾಲಿನಲ್ಲಿ ಅವರೊಬ್ಬರೇ.

ಅದೇ ಕ್ಷಣಕ್ಕೆ ನಮ್ಮ ವೃಂದದ ಡೆಂಟಿಸ್ಟರ ಚೆಲ್ಲೋ ಎಂಬ ದೊಡ್ಡ ಪಿಟೀಲು, ಬೇಕರಿಯಾಕೆಯ ಕೊಳಲು, ಪಿಟೀಲುಗಳ ಇಡೀ ಸಾಲು, ಎಲ್ಲವೂ ದಿನದ ರೂಢಿಯಂತೆ ನಯವಾಗಿ ಹಿಂದಿನ ಸಾಲಿನ ಮೊದಲಿಗೆ ಹೋದವು.

ಬಸ್ಸಿನಿಂದ ಎಲ್ಲರಿಗಿಂತ ಮೊದಲು ಠೀವಿಯಿಂದ ಇಳಿದು, ಇದು ನಮ್ಮ ಸ್ಟಾಪೇ ಅಲ್ಲ ಎಂದು ತಿಳಿದವಳ ಸ್ಥಿತಿ ನನ್ನದಾಯಿತು. ಅವರ ಸ್ವರಗಳೂ ನನ್ನ ಸ್ವರಗಳೂ ಅಟ್ಟದಿಂದ ಉರುಳಿದ ಪಾತ್ರೆಗಳಂತೆ ಡಿಕ್ಕಿ ಹೊಡೆದವು. ಡ್ರಿಲ್ ಮಾಸ್ತರು ಕಣ್ಣು ಕೆಕ್ಕರಿಸಿದರು. ನಾನು ಮುಂದಿನ ಸಾಲನ್ನು ಅಲ್ಲೇ ಬಿಟ್ಟು, ಹಿಂದಕ್ಕೆ ಓಡಿ ಅವರನ್ನು ಸೇರಿಕೊಂಡೆ. ಎಲ್ಲರೂ ಒಟ್ಟಿಗೆ ಕೊನೆ ಮುಟ್ಟಿದೆವು.

ತೆರೆಯ ಹಿಂದೆ ಮಾಸ್ತರು ಬೆವರು ಒರೆಸಿಕೊಳ್ಳುತ್ತಿದ್ದರು. "ಏನಮ್ಮಾ ಇದು! ಪ್ರಾಕ್ಟೀಸ್‌ನಲ್ಲಿ ಹೇಗೋ ಸ್ಟೇಜ್ ಮೇಲೂ ಹಾಗೇ ನುಡಿಸ್ಬೇಕು. ಜನ ಕಂಡ ತಕ್ಷಣ ಹೊಸದೇನೋ ಮಾಡೋಕೆ ಹೋಗ್ಬಾರ್ದು."

"ಸರ್, ನಾನು ಸರಿಯಾಗೇ..."

"ಬಿಡಿ ಮೇಡಂ, ಎಲ್ಲರಿಗೂ ಆಗುತ್ತೆ," ಎಂದರು ಡೆಂಟಿಸ್ಟರು, ಹಲ್ಲು ಕೀಳುವ ಮುಂಚಿನ ದನಿಯಲ್ಲಿ. "ನಾವು ಹಿಡ್ಕೊಂಡ್ವಲ್ಲ."

ಆ ಹಿಡಿತಕ್ಕೆ ಧನ್ಯವಾದ ಹೇಳಿ ಹೊರಗೆ ಬಂದೆ. ಬಾಗಿಲಲ್ಲಿ ಒಬ್ಬ ಹಿರಿಯ ಹೆಂಗಸು ನನಗಾಗಿಯೇ ಕಾಯುತ್ತಿದ್ದರು.

"ತಪ್ಪಿದ್ದನ್ನ ಮನಸ್ಸಿಗೆ ಹಚ್ಕೋಬೇಡಮ್ಮ, ಮಿಕ್ಕಿದ್ದೆಲ್ಲ ಚೆನ್ನಾಗಿತ್ತು. ಆದ್ರೆ ನನ್ನ ಪಕ್ಕ ಒಬ್ಬ ಕೂತಿದ್ದ ನೋಡು! ನೀನು ತಪ್ಪಿದ್ದೇ ತಡ, ಎದ್ದು ನಿಂತು ಚಪ್ಪಾಳೆ! ಮುಖದ ತುಂಬ ನಗು ಬೇರೆ. ಇನ್ನೊಬ್ಬರು ಎಡವಿದ್ರೆ ಇಷ್ಟು ಖುಷಿಪಡೋರನ್ನ ನಾನಂತೂ ಕಂಡಿಲ್ಲ. ಅಗೋ, ಅಲ್ಲೇ ನಿಂತಿದಾನೆ."

ನೋಡಿದೆ. ನಮ್ಮೆಜಮಾನರು ಕಂಬಕ್ಕೆ ಒರಗಿ, ನನ್ನತ್ತಲೇ ನೋಡುತ್ತ, ಇನ್ನೂ ಹಾಗೆಯೇ ನಗುತ್ತಿದ್ದರು.

"ಅವರು ನಮ್ಮನೆಯವರು," ಎಂದೆ.

ಆಕೆ ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು, ದನಿ ತಗ್ಗಿಸಿ ಕೇಳಿದರು:

"ಎಷ್ಟು ವರ್ಷದಿಂದ ಸಹಿಸ್ಕೊಂಡು ಬಂದಿದೀಯಮ್ಮ?"