ಎರಡು ಬೆರಳು ಹೆಚ್ಚು

"ಎಡತೋಳು ಎರಡು ಬೆರಳು ಉದ್ದ ಬಂದಿದೆಯಲ್ಲಮ್ಮ," ಎಂದ ಉಲ್ಲನ್ ಅಂಗಡಿಯವನು, ಅವಳು ಬಣ್ಣ ಹೊಂದಿಸಲು ತಂದಿದ್ದ ಸ್ವೆಟರಿನ ತೋಳುಗಳನ್ನು ಮೇಜಿನ ಮೇಲೆ ಜೋಡಿಸಿ. "ಅಷ್ಟು ಬಿಚ್ಚಿದ್ರೆ ಕತ್ತಿನ ಪಟ್ಟಿಗೆ ಸಾಕಾಗುತ್ತೆ. ಇನ್ನೊಂದು ಉಂಡೆ ಸುಮ್ನೆ ದಂಡ."

ಅವಳು ಬಗ್ಗಿ ನೋಡಿದಳು. ಜನ್ಮದಲ್ಲಿ ಮೊದಲ ಸಲ ತನಗೆಂದೇ ಹೆಣೆಯುತ್ತಿದ್ದ ಸ್ವೆಟರು ಅದು. ಮೂವತ್ತು ವರ್ಷ ಟಪಾಲಿನ ಚೀಲ ಹೊತ್ತು ಗಂಡನ ಎಡಹೆಗಲು ಜೋತುಬಿದ್ದಿತ್ತು. ಅವನ ಸ್ವೆಟರಿನ ಆ ತೋಳಿಗೆ ಪ್ರತಿ ಸಲವೂ ಎರಡು ಬೆರಳು ಹೆಚ್ಚು ಹೆಣೆಯಬೇಕಿತ್ತು. ಅವನು ತೀರಿಕೊಂಡು ವರ್ಷವಾದರೂ ಆ ಸುದ್ದಿ ಅವಳ ಕೈಗಳಿಗೆ ಇನ್ನೂ ಮುಟ್ಟಿರಲಿಲ್ಲ.

ಅಂಗಡಿಯವನು ಬಿಚ್ಚಿಕೊಡಲೆಂದು ನೂಲಿನ ತುದಿ ಹುಡುಕತೊಡಗಿದ. ಅವಳು ಸ್ವೆಟರನ್ನು ತನ್ನತ್ತ ಎಳೆದುಕೊಂಡು, ಎಡತೋಳಿನೊಳಗೆ ಕೈ ತೂರಿಸಿ, ಅಂಚನ್ನು ಎರಡು ಬೆರಳು ಮೇಲಕ್ಕೆ ಮಡಿಸಿದಳು.

"ಬಿಚ್ಚೋದು ಬೇಡ," ಎಂದಳು. "ಉಂಡೆ ಕೊಡಿ."